ರೇಡಿಯೇಟರ್, ವಾಟರ್ ಪಂಪ್ ಎಲ್ಲ ಹೊಸದು, ಆದ್ರೂ ಖಂಬಾಟ್ಕಿ ಘಾಟ್‌ನಲ್ಲಿ ಇಂಜಿನ್ ಹೀಟ್

ಚಿಂಚವಡದವ:
ಎಲ್ಲರಿಗೂ ನಮಸ್ಕಾರ. ನನ್ನದು ಹನ್ನೊಂದು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೇಸಿಗೆಯಲ್ಲಿ ರೇಡಿಯೇಟರ್ ಸೋರಿ ಒಮ್ಮೆ ವಿಪರೀತ ಹೀಟ್ ಆಗಿತ್ತು. ಆಮೇಲೆ ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್), ಪೈಪು ಎಲ್ಲ ಹೊಸದು ಹಾಕಿಸಿದೆ. ಪುಣೆ ಊರೊಳಗೆ ಏನೂ ತೊಂದರೆ ಇಲ್ಲ. ಹಿಂಜವಡಿ ಟ್ರಾಫಿಕ್‌ನಲ್ಲಿ ಏಸಿ ಹಾಕಿಕೊಂಡು ನಿಂತರೂ ಮುಳ್ಳು ಅರ್ಧ ದಾಟುವುದಿಲ್ಲ. ಆದರೆ ಬೆಳಗಾವಿಗೆ ಹೊರಟು ಖಂಬಾಟ್ಕಿ ಘಾಟ್ ಹತ್ತಲು ಶುರು ಮಾಡಿದರೆ ಸಾಕು, ಮುಳ್ಳು ಸರ್ರನೆ ಮೇಲೇರುತ್ತದೆ. ಹೀಟರ್ ಹಾಕಿ ನೋಡಿದೆ, ಬಿಸಿ ಗಾಳಿ ಬರಬೇಕಲ್ವಾ, ತಣ್ಣಗೆ ಬಂತು! ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ರಿಸರ್ವ್ ಬಾಟಲಿ ತುಂಬಿ ಕೂಲಂಟ್ (ಇಂಜಿನ್ ತಂಪಿಡುವ ದ್ರವ) ಹೊರಗೆ ಚೆಲ್ಲಿತ್ತು. ಗ್ಯಾರೇಜಿನವರು ಥರ್ಮೋಸ್ಟಾಟ್ ತೆಗೆದೇ ಬಿಡೋಣ ಅನ್ನುತ್ತಿದ್ದಾರೆ. ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗಬೇಕು, ಘಾಟ್ ಮಧ್ಯೆ ನಿಲ್ಲುವ ಹಾಗಾದರೆ ಕಷ್ಟ. ತೆಗೆಸಲೋ ಬೇಡವೋ?

ಸ್ಪ್ಯಾನರ್ ಅಣ್ಣ:
ಬೇಡವೇ ಬೇಡ. ಥರ್ಮೋಸ್ಟಾಟ್ ಬರೀ ನೀರು ಬಿಡೋ ಬಾಗಿಲಲ್ಲ. ಎಷ್ಟೋ ಇಂಜಿನ್‌ಗಳಲ್ಲಿ ಅದು ಪೂರ್ತಿ ತೆರೆದಾಗ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದರೆ ಸ್ವಲ್ಪ ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ, ಘಾಟ್‌ನಲ್ಲಿ ಇನ್ನೂ ಜಾಸ್ತಿ ಹೀಟ್.

ಹೀಟರ್ ತಣ್ಣಗೆ ಅಂದ್ರಲ್ಲ, ಅದೇ ಮುಖ್ಯ ಸುಳಿವು. ಇಂಜಿನ್ ಕುದಿಯುತ್ತಿದ್ದರೂ ಹೀಟರ್‌ಗೆ ಬಿಸಿನೀರು ಹೋಗುತ್ತಿಲ್ಲ ಅಂದರೆ ಒಳಗೆ ಕೂಲಂಟ್ ಕಡಿಮೆ ಇದೆ, ಇಲ್ಲವೇ ಗಾಳಿ ಸಿಕ್ಕಿಹಾಕಿಕೊಂಡಿದೆ. ರಿಪೇರಿ ಆದ ಮೇಲೆ ಸುಮ್ನೆ ಮೇಲಿಂದ ಸುರಿದು ಮುಚ್ಚಳ ಹಾಕಿದರೆ ಹೀಗಾಗುತ್ತದೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ಗಾಡಿಯ ಮೂತಿ ಮೇಲೆ ಬರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಿಂದಿನ ಚಕ್ರಕ್ಕೆ ಕಲ್ಲು ಇಡಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ. ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಫುಲ್ ಬಿಸಿಗೆ ಇಟ್ಟು ಸ್ಟಾರ್ಟ್ ಮಾಡಿ. ಸ್ಕ್ರೂನಿಂದ ಗುಳ್ಳೆಯಿಲ್ಲದೆ ಕೂಲಂಟ್ ಬಂದ ಕೂಡಲೇ ಅದನ್ನು ಬಿಗಿ ಮಾಡಿ. ಫ್ಯಾನ್ ತಿರುಗುವ ತನಕ ಮಟ್ಟ ಇಳಿದಷ್ಟೂ ತುಂಬುತ್ತಾ ಹೋಗಿ. ಬಿಸಿ ಇಂಜಿನ್ನಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಮುಖ ಸುಟ್ಟುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ನಿಗಡಿ ಎಕ್ಸ್‌ಪ್ರೆಸ್:
ಫ್ಯಾನ್ ನೋಡಿದಿರಾ? ರಿಪೇರಿಯಲ್ಲಿ ವೈರ್ ಅದಲುಬದಲಾಗಿ ಉಲ್ಟಾ ತಿರುಗುತ್ತಿರಬಹುದು.

ಸ್ಪ್ಯಾನರ್ ಅಣ್ಣ:
ಫ್ಯಾನ್ ತೊಂದರೆಯಾದರೆ ಮೊದಲು ಟ್ರಾಫಿಕ್‌ನಲ್ಲೇ ಹೀಟ್ ಆಗಬೇಕಿತ್ತು. ಇವರದು ಚಡಾವಿನಲ್ಲಿ ಲೋಡ್ ಬಿದ್ದಾಗ ಮಾತ್ರ.

ಮಿರಜ್ ಮಾಮಾ:
ಮುಚ್ಚಳವೂ ಹೊಸದೇ? ಅದರ ಬಗ್ಗೆ ಬರೆದಿಲ್ಲ ನೀವು. ನೀರು ಬಯಲಲ್ಲಿ 100 ಡಿಗ್ರಿಗೆ ಕುದಿಯುತ್ತದೆ, 0.9 ಬಾರ್ ಮುಚ್ಚಳ ಒತ್ತಡ ಹಿಡಿದಿಟ್ಟರೆ ಸುಮಾರು 119ರ ತನಕ ತಡೆಯುತ್ತದೆ. ಹಳೇ ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಉಳಿದದ್ದೆಲ್ಲ ಹೊಸದಿದ್ದೂ ಪ್ರಯೋಜನ ಇಲ್ಲ. ಕಡಿಮೆ ದುಡ್ಡಿನ ಸಾಮಾನು, ಗಾಡಿಗೆ ಹೇಳಿದ ಬಾರ್‌ನದೇ ಹಾಕಿ.

ಆದರೆ ನನಗೆ ಅನುಮಾನ ಇರುವುದು ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಇಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ಮಧ್ಯೆ ಸೋರದಂತೆ ಹಾಕುವ ಪದರದ ಮೇಲೆ. ಒಮ್ಮೆ ವಿಪರೀತ ಹೀಟ್ ಆಗಿತ್ತು ಅಂದಿರಲ್ಲ, ಅಲ್ಯೂಮಿನಿಯಂ ಹೆಡ್ ಆಗಲೇ ಬಾಗಿರಬಹುದು. ಲೋಡ್ ಬಿದ್ದಾಗ ಸಿಲಿಂಡರ್ ಗ್ಯಾಸ್ ನೀರಿನ ದಾರಿಗೆ ನುಗ್ಗಿ ಕೂಲಂಟನ್ನು ಬಾಟಲಿಗೆ ತಳ್ಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮೇಲಿನ ದಪ್ಪ ಪೈಪು ಹಿಡಿದು ನೋಡಿ. ನೀರು ಬಿಸಿಯಾಗುವ ಮುಂಚೆಯೇ ಪೈಪು ಕಲ್ಲಿನಂತೆ ಗಟ್ಟಿಯಾದರೆ ಅದು ಗ್ಯಾಸಿನ ಒತ್ತಡ. ಖಾತ್ರಿಗೆ ಬ್ಲಾಕ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ, ಸಿಲಿಂಡರ್ ಗ್ಯಾಸ್ ಇದ್ದರೆ ಅದು ಹಳದಿಯಾಗುತ್ತದೆ. ಆಯಿಲ್ ಹಾಲಿನಂತಾಗಿಲ್ಲ, ಹೊಗೆ ಬೆಳ್ಳಗಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ, ಅವೆರಡೂ ಇಲ್ಲದೆಯೂ ಗ್ಯಾಸ್ಕೆಟ್ ಹೋಗಿರುತ್ತದೆ.

ಚಿಂಚವಡದವ:
ಗಾಳಿ ತೆಗೆದೆ, ಮುಚ್ಚಳವೂ ಬದಲಾಯಿಸಿದೆ. ಮೊದಲು ಹೀಟರ್ ಚೆನ್ನಾಗಿ ಬಿಸಿ ಬಂತು. ಆದರೆ ವಾರಾಂತ್ಯದಲ್ಲಿ ಕಾತ್ರಜ್ ಹಳೇ ಘಾಟ್ ಹತ್ತಿ ಬಂದ ಮೇಲೆ ಮತ್ತೆ ತಣ್ಣಗೆ, ಬಾಟಲಿ ಮತ್ತೆ ಫುಲ್. ಬೆಳಿಗ್ಗೆ ಪೈಪು ನೋಡಿದೆ, ಮಾಮಾ ಹೇಳಿದ ಹಾಗೇ ಬೇಗ ಗಟ್ಟಿಯಾಗುತ್ತದೆ. ಬೇರೆ ಗ್ಯಾರೇಜಿನಲ್ಲಿ ಬ್ಲಾಕ್ ಟೆಸ್ಟ್ ಮಾಡಿಸಿದೆ, ದ್ರವ ನನ್ನ ಕಣ್ಣೆದುರೇ ಹಸಿರಾಗಿ ಆಮೇಲೆ ಹಳದಿಯಾಯಿತು. ಹೆಡ್ ಇಳಿಸಲು ಹೇಳಿದ್ದೇನೆ. ಏನೇನು ನೋಡಿಕೊಳ್ಳಬೇಕು?

ಮಿರಜ್ ಮಾಮಾ:
ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್‌ನಿಂದ ಬಾಗು ಅಳೆಸಿ, ಪ್ರೆಶರ್ ಟೆಸ್ಟ್‌ನಲ್ಲಿ ಬಿರುಕು ಇದೆಯಾ ನೋಡಿಸಿ. ಭೋಸರಿ ಕಡೆ ಮೆಷಿನ್ ಶಾಪ್‌ಗಳಿಗೆ ಬರವಿಲ್ಲ, ಅಲ್ಲಿ ಫೇಸಿಂಗ್ (ಮೇಲ್ಮೈ ಉಜ್ಜಿ ಸಮ ಮಾಡುವುದು) ಆಗುತ್ತದೆ. ಬ್ಲಾಕಿನ ಮೇಲ್ಮೈಯನ್ನೂ ಅಳೆಸಿ. ಹೆಡ್ ಬೋಲ್ಟ್ ಮತ್ತೆ ಬಳಸಬಾರದು ಅಂತ ಕಂಪನಿ ಹೇಳಿದ್ದರೆ ಹೊಸದೇ ಹಾಕಿ. ಎಲ್ಲ ಮುಗಿದ ಮೇಲೆ ಮೊದಲು ನೀವೊಬ್ಬರೇ ಘಾಟ್ ಹತ್ತಿ ನೋಡಿ, ಅಮ್ಮನನ್ನು ಆಮೇಲೆ ಕೂರಿಸಿ.