ಆಯಿಲ್ ಫಿಲ್ಟರ್ ಕ್ಯಾಪ್ ವಾಪಸ್ ಕೂರ್ತಿಲ್ಲ, ಏನ್ ಮಾಡ್ಲಿ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಮನೇಲೇ ಕಾರಿನ ಆಯಿಲ್ ಚೇಂಜ್ ಮಾಡ್ತಿದೀನಿ. ಹಳೇ ಆಯಿಲ್ ಪೂರ್ತಿ ಇಳಿಸಾಯ್ತು, ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿ ಟೈಟ್ ಮಾಡಾಯ್ತು, ಸಿಕ್ಕಾಕೊಂಡಿರೋದು ಫಿಲ್ಟರ್ ಹತ್ರ. ನನ್ನ ಗಾಡೀಲಿ ತಗಡಿನ ಡಬ್ಬಿ ಥರದ ಫಿಲ್ಟರ್ ಅಲ್ಲ, ಒಳಗೆ ಆಯಿಲ್ ಸೋಸೋ ಪೇಪರ್ ಎಲಿಮೆಂಟ್ ಇಟ್ಟು ಮೇಲಿಂದ ಕಪ್ಪು ಪ್ಲಾಸ್ಟಿಕ್ ಕ್ಯಾಪ್ ತಿರುಗಿಸೋದು. ಬಿಚ್ಚೋವಾಗ ಆರಾಮಾಗಿ ಬಂತು, ಈಗ ಹೊಸ ಎಲಿಮೆಂಟು, ಕ್ಯಾಪ್ ಸುತ್ತ ಬರೋ ಹೊಸ ಓರಿಂಗು (ರಬ್ಬರ್ ಉಂಗುರ) ಹಾಕಿ ತಿರುಗಿಸಿದ್ರೆ ಸ್ವಲ್ಪ ಹೋಗತ್ತೆ ಆಮೇಲೆ ನಿಂತ್ಬಿಡತ್ತೆ, ಕ್ಯಾಪ್ ಅಂಚಿಗೂ ಹೌಸಿಂಗ್‌ಗೂ (ಫಿಲ್ಟರ್ ಕೂರೋ ಗೂಡು) ಮಧ್ಯ ಹೆಚ್ಚುಕಮ್ಮಿ ಒಂದು ಬೆರಳು ಗ್ಯಾಪ್ ಉಳಿಯತ್ತೆ. ರೆಂಚ್ ಹಾಕಿ ಬಲ ಕೊಟ್ರೆ ಹೋಗ್ಬೋದೇನೋ, ಆದ್ರೆ ಪ್ಲಾಸ್ಟಿಕ್ಕು, ಧೈರ್ಯ ಬರ್ತಿಲ್ಲ. ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ:
ಹೊಸ ಓರಿಂಗ್ ಅಲ್ವಾ, ದಪ್ಪ ಇರತ್ತೆ, ಹಂಗೇ ಬಿಗಿ ಅನ್ಸೋದು. ಒಂಚೂರು ಆಯಿಲ್ ಸವರಿ ರೆಂಚಲ್ಲಿ ನಿಧಾನಕ್ಕೆ ತಿರುಗಿಸಿ, ಹೋಗತ್ತೆ.

ಇನ್ನೊಂದು ಉತ್ತರ:
ಆಯಿಲ್ ಸವರೋದು ಸರಿ, ಆದ್ರೆ ದಯವಿಟ್ಟು ಈಗ್ಲೇ ರೆಂಚ್ ಮುಟ್ಬೇಡಿ ಸರ್. ಓರಿಂಗ್ ಬಿಗಿಗೂ ಬೇರೆ ಏನೋ ಅಡ್ಡ ಬಂದಿರೋ ಬಿಗಿಗೂ ಕೈಗೇ ವ್ಯತ್ಯಾಸ ಗೊತ್ತಾಗತ್ತೆ. ಓರಿಂಗ್ ಆದ್ರೆ ರಬ್ಬರ್ ಥರ ಮೆತ್ತಗೆ ತಡೆಯತ್ತೆ, ಒತ್ತಿದ್ರೆ ಒಳಗೆ ಜಾರತ್ತೆ, ಅದೂ ಕೊನೇ ಸುತ್ತುಗಳಲ್ಲಿ ಬರೋ ಬಿಗಿ, ಒಂದು ಬೆರಳು ಗ್ಯಾಪ್ ಇರೋವಾಗ್ಲೇ ಬರಲ್ಲ. ಥ್ರೆಡ್ (ತಿರುಪಿನ ಸುತ್ತು) ಅಡ್ಡಾದಿಡ್ಡಿ ಹಿಡಿದಿದ್ರೆ ಕ್ಯಾಪ್ ಒಂದು ಕಡೆ ವಾಲಿಕೊಂಡಿರತ್ತೆ, ತಿರುಗಿಸಿದ್ರೆ ಕರಕರ ಅನ್ನತ್ತೆ. ಅದ್ರ ಮೇಲೆ ಬಲ ಹಾಕಿದ್ರೆ ಕ್ಯಾಪ್ ಸೀಳತ್ತೆ, ಇಲ್ಲಾಂದ್ರೆ ಹೌಸಿಂಗ್ ಥ್ರೆಡ್ಡೇ ಹೋಗತ್ತೆ, ಕ್ಯಾಪ್ ಹೋದ್ರೆ ಹೊಸದು ತಗೋಬೋದು, ಹೌಸಿಂಗ್ ಹೋದ್ರೆ ದೊಡ್ಡ ಕೆಲಸ.

ಕ್ಯಾಪ್ ಪೂರ್ತಿ ಹೊರಗೆ ತೆಗೀರಿ. ಓರಿಂಗ್ ಕ್ಯಾಪ್ ಮೇಲಿನ ಯಾವ ಗ್ರೂವ್‌ನಲ್ಲಿ (ಉಂಗುರ ಕೂರೋ ಕಚ್ಚು) ಕೂತಿದೆ ನೋಡಿ, ಎಷ್ಟೋ ಕ್ಯಾಪ್‌ಗಳಲ್ಲಿ ಒಂದಕ್ಕಿಂತ ಜಾಸ್ತಿ ಗ್ರೂವ್ ಇರತ್ತೆ, ಹಳೇದು ಎಲ್ಲಿತ್ತೋ ಹೊಸದೂ ಅಲ್ಲೇ ಇರ್ಬೇಕು, ತಿರುಚಿಕೊಂಡಿರ್ಬಾರ್ದು. ಆಮೇಲೆ ಎಲಿಮೆಂಟ್ ಹಾಕ್ದೆ ಬರೀ ಕ್ಯಾಪ್ ಇಟ್ಟು, ಮೊದಲು ಉಲ್ಟಾ ಕಡೆ ತಿರುಗಿಸಿ, ಥ್ರೆಡ್ ಕೂತಾಗ ಕೈಗೆ ಟಕ್ ಅಂತ ಗೊತ್ತಾಗತ್ತೆ, ಅಲ್ಲಿಂದ ಸರಿ ದಿಕ್ಕಿಗೆ ಬೆರಳಲ್ಲೇ ತಿರುಗಿಸಿ. ಎಲಿಮೆಂಟ್ ಇಲ್ದೆ ಸಲೀಸಾಗಿ ಕೆಳಗೆ ಹೋಯ್ತು ಅಂದ್ರೆ ಥ್ರೆಡ್ಡೂ ಓರಿಂಗೂ ಸರಿ ಇದೆ, ತೊಂದ್ರೆ ಎಲಿಮೆಂಟ್ ಕಡೇದು.

ಕೇಳಿದವರು:
ಥ್ಯಾಂಕ್ಸ್ ಸರ್. ಹಂಗೇ ಮಾಡ್ದೆ. ಓರಿಂಗ್ ಹಳೇ ಜಾಗದಲ್ಲೇ ಇದೆ. ಎಲಿಮೆಂಟ್ ತೆಗೆದು ತಿರುಗಿಸಿದ್ರೆ ಕ್ಯಾಪ್ ಆರಾಮಾಗಿ ಹೋಗ್ತಿದೆ, ಕೊನೇಲಿ ಸ್ವಲ್ಪ ಬಿಗಿ ಅಷ್ಟೇ. ಎಲಿಮೆಂಟ್ ಇಟ್ರೆ ಮತ್ತೆ ಅದೇ ಗ್ಯಾಪ್. ಎಲಿಮೆಂಟೇ ತಪ್ಪು ಸೈಜ್ ಕೊಟ್ಟಿರ್ಬೋದಾ?

ಮತ್ತೊಂದು ಉತ್ತರ:
ಇರ್ಬೋದು, ಹಳೇದು ಹೊಸದು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ, ಉದ್ದ, ತುದಿಯ ತೂತು ಎರಡೂ ಒಂದೇ ಇರ್ಬೇಕು. ಆದ್ರೆ ಅದಕ್ಕಿಂತ ಮೊದಲು ಹಳೇ ಎಲಿಮೆಂಟ್ ಕೆಳಗಿನ ತುದಿ ನೋಡಿ, ಅಲ್ಲಿ ರಬ್ಬರ್ ಸೀಲ್ ಇದ್ಯಾ? ಬಿಸಿ ಆಯಿಲಲ್ಲಿ ವರ್ಷಗಟ್ಲೆ ಬೆಂದು ರಬ್ಬರ್ ಗಟ್ಟಿಯಾಗಿ ಒಳಗಿರೋ ಪೈಪ್‌ಗೇ ಅಂಟ್ಕೊಂಡ್ಬಿಡತ್ತೆ, ಎಲಿಮೆಂಟ್ ಎಳೆದಾಗ ಸೀಲ್ ಮಾತ್ರ ಒಳಗೇ ಉಳಿಯತ್ತೆ. ಕಪ್ಪು ಆಯಿಲಲ್ಲಿ ಕಪ್ಪು ರಬ್ಬರ್ ಕಣ್ಣಿಗೇ ಬೀಳಲ್ಲ. ನೂಲು ಬಿಡದ ಬಟ್ಟೇಲಿ ಒರೆಸಿ ಟಾರ್ಚ್ ಹಾಕಿ ನೋಡಿ. ಇದ್ರೆ ಪ್ಲಾಸ್ಟಿಕ್ ಕಡ್ಡೀಲಿ ಮೀಟಿ ತೆಗೀರಿ, ಸ್ಕ್ರೂಡ್ರೈವರ್ ಬೇಡ, ಪೈಪ್ ಮೇಲೆ ಗೀರು ಬಿದ್ರೆ ಫಿಲ್ಟರ್ ಆಗದ ಆಯಿಲ್ ಸೀದಾ ಎಂಜಿನ್‌ಗೆ ಹೋಗೋಕೆ ದಾರಿ ಆಗತ್ತೆ.

ಇನ್ನೊಂದು, ಎಲಿಮೆಂಟನ್ನ ಕ್ಯಾಪ್ ಒಳಗೆ ಕ್ಲಿಪ್ ಆಗೋ ಡಿಸೈನ್ ಆದ್ರೆ ಮೊದಲು ಕ್ಯಾಪ್‌ಗೆ ಒತ್ತಿ ಕೂರಿಸಿ ಆಮೇಲೆ ಎರಡನ್ನೂ ಒಟ್ಟಿಗೆ ಇಳಿಸಿ.

ಕೇಳಿದವರು:
ಸಿಕ್ತು!! ಪೈಪ್ ಮಧ್ಯದಲ್ಲೇ ಉಂಗುರದ ಹಾಗೆ ಹಿಡ್ಕೊಂಡು ಕೂತಿತ್ತು, ಮುಟ್ಟಿದ್ರೆ ಪ್ಲಾಸ್ಟಿಕ್ ಥರ ಗಟ್ಟಿ, ತುಂಡು ತುಂಡಾಗಿ ಬಂತು, ಜೋಡಿಸಿ ನೋಡ್ದೆ ಪೂರ್ತಿ ಇದೆ, ಒಳಗೇನೂ ಉಳ್ದಿಲ್ಲ. ಈಗ ಕ್ಯಾಪ್ ಬೆರಳಲ್ಲೇ ಕೆಳಗಿನ ತನಕ ಹೋಯ್ತು. ಎಷ್ಟು ಟೈಟ್ ಮಾಡ್ಬೇಕು?

ಉತ್ತರ:
ತುಂಡು ಜೋಡಿಸಿ ನೋಡಿದ್ದು ತುಂಬಾ ಒಳ್ಳೇ ಕೆಲಸ ಸರ್. ಕ್ಯಾಪ್ ತಲೆ ಮೇಲೆ ನೋಡಿ, ಎಷ್ಟೋ ಕ್ಯಾಪ್‌ಗಳ ಮೇಲೆ ಟಾರ್ಕ್ (ಎಷ್ಟು ಬಲಕ್ಕೆ ತಿರುಗಿಸ್ಬೇಕು ಅನ್ನೋ ಲೆಕ್ಕ) ಅಚ್ಚಾಗಿರತ್ತೆ, ಸಾಮಾನ್ಯವಾಗಿ 25 ಎನ್‌ಎಂ (ನ್ಯೂಟನ್ ಮೀಟರ್). ಇಲ್ಲಾಂದ್ರೆ ಗಾಡಿ ಮ್ಯಾನುಯಲಲ್ಲಿ ಇರತ್ತೆ. ಸೀಲ್ ಮಾಡೋದು ಓರಿಂಗು, ನಿಮ್ಮ ತೋಳಿನ ಬಲ ಅಲ್ಲ, ಅದಕ್ಕೇ ಕ್ಯಾಪ್ ಅಂಚು ಹೌಸಿಂಗ್‌ಗೆ ತಾಗಿದ ಮೇಲೆ ಉದ್ದ ಹಿಡಿಯ ರೆಂಚಲ್ಲಿ ಎಳೀಬೇಡಿ.

ಆಯಿಲ್ ತುಂಬಿದ ಮೇಲೆ ಸ್ಟಾರ್ಟ್ ಮಾಡಿ ಐಡಲಲ್ಲೇ ಬಿಡಿ, ರೇಸ್ ಬೇಡ. ಫಿಲ್ಟರ್ ಖಾಲಿ ಇರೋದ್ರಿಂದ ಆಯಿಲ್ ಪ್ರೆಷರ್ ಲೈಟ್ ಆರೋಕೆ ಕೆಲವು ಸೆಕೆಂಡ್ ಹಿಡಿಯತ್ತೆ, ಆರ್ಲಿಲ್ಲ ಅಂದ್ರೆ ತಕ್ಷಣ ಆಫ್ ಮಾಡಿ. ಆರಿದ ಮೇಲೆ ಕ್ಯಾಪ್ ಸುತ್ತ ಟಿಶ್ಯೂ ಒತ್ತಿ ನೋಡಿ, ಒಣಗಿರ್ಬೇಕು. ಎಂಜಿನ್ ಆಫ್ ಮಾಡಿ ಒಂದೈದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಚೆಕ್ ಮಾಡಿ, ಫಿಲ್ಟರ್ ತುಂಬಿಕೊಂಡಿರತ್ತೆ, ಲೆವೆಲ್ ಸ್ವಲ್ಪ ಇಳಿದಿರತ್ತೆ, ಎಷ್ಟು ಕಮ್ಮಿ ಇದ್ಯೋ ಅಷ್ಟು ಹಾಕಿ.