1899ರಲ್ಲೇ ಓಡಿದ ಎಲೆಕ್ಟ್ರಿಕ್ ಕಾರು ಆಮೇಲೆ ಎಲ್ಲಿ ಹೋಯಿತು?

ಹಾಸನದ ಹುಡುಗ:
ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋಣ ಅಂತ ಓದುತ್ತಾ ಕೂತಿದ್ದೆ. ಗಂಟೆಗೆ 100 ಕಿ.ಮೀ. ದಾಟಿದ ಮೊದಲ ಕಾರು ಎಲೆಕ್ಟ್ರಿಕ್ ಅಂತೆ, ಅದೂ 1899ರಲ್ಲಿ! ನಿಜವಾ? ನಿಜ ಆದರೆ ಆಮೇಲೆ ಇಷ್ಟು ವರ್ಷ ಪೆಟ್ರೋಲೇ ಯಾಕೆ ಮೆರೆಯಿತು? ನಾನು ದುಡ್ಡು ಹಾಕಿದ ಮೇಲೆ ಇದೂ ಮೂಲೆ ಸೇರಿದರೆ ಅಂತ ಭಯ.

ಬ್ಯಾಟರಿ ಅಂಗಡಿ, ದಾವಣಗೆರೆ:
ನಿಜಾನೇ ತಮ್ಮಾ. ಬೆಲ್ಜಿಯಂನ ಕಮಿಲ್ ಯೆನಾಟ್ಜಿ ಅನ್ನುವವರು ಪ್ಯಾರಿಸ್ ಹತ್ತಿರ ಗಂಟೆಗೆ 105.88 ಕಿ.ಮೀ. ವೇಗದಲ್ಲಿ ಓಡಿಸಿದರು. ಗಾಳಿ ಸೀಳಲಿ ಅಂತ ಬಾಡಿ ಚೂಪಾಗಿ ಮಾಡಿಸಿದ್ದರು. ಆದರೆ ಡ್ರೈವರ್ ಎದೆ ಮಟ್ಟಕ್ಕೆ ಹೊರಗೇ ಕೂರಬೇಕಿತ್ತು!

ಆಗ ಪೆಟ್ರೋಲ್ ಕಾರು ಸ್ಟಾರ್ಟ್ ಮಾಡುವುದೇ ದೊಡ್ಡ ಕಷ್ಟ. ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಅದು ವಾಪಸ್ ಹೊಡೆದರೆ ಮಣಿಕಟ್ಟೇ ಮುರಿಯುತ್ತಿತ್ತು. ಎಲೆಕ್ಟ್ರಿಕ್ ಕಾರಿಗೆ ಆ ಕಾಟ ಇಲ್ಲ, ಹೊಗೆ ಇಲ್ಲ, ಗೇರ್ ಇಲ್ಲ. ಅಮೆರಿಕದ ಪಟ್ಟಣಗಳಲ್ಲಿ ಜನ ಇಷ್ಟಪಟ್ಟೇ ಕೊಂಡರು. ನ್ಯೂಯಾರ್ಕ್‌ನಲ್ಲಿ 1897ರಿಂದಲೇ ಎಲೆಕ್ಟ್ರಿಕ್ ಬಾಡಿಗೆ ಗಾಡಿಗಳು ಓಡುತ್ತಿದ್ದವು.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರ ಸೆಲ್ಫ್ ಸ್ಟಾರ್ಟರ್ ಬಂತು. ಒಂದು ಬ್ಯಾಟರಿ, ಒಂದು ಮೋಟಾರ್, ಅಷ್ಟೇ. ಎಲೆಕ್ಟ್ರಿಕ್ ಕಾರಿನ ದೊಡ್ಡ ಅನುಕೂಲವನ್ನು ಪೆಟ್ರೋಲ್ ಕಾರಿಗೆ ಕೊಟ್ಟದ್ದೂ ಬ್ಯಾಟರಿಯೇ. ಬ್ಯಾಟರಿ ಮಾರಿ ಬದುಕುವ ನನಗೆ ಇದು ನೆನೆದಾಗಲೆಲ್ಲ ಸಂಕಟ ಆಗುತ್ತದೆ. ಮುಂದೆ 1913ರಲ್ಲಿ ಫೋರ್ಡ್ ಅಸೆಂಬ್ಲಿ ಲೈನ್ ಶುರುಮಾಡಿದ ಮೇಲೆ ಅವರ ಕಾರಿನ ಬೆಲೆ ಇಳಿಯುತ್ತಲೇ ಹೋಯಿತು. ಹಳ್ಳಿಗಳಲ್ಲಿ ಕರೆಂಟೇ ಇರಲಿಲ್ಲ, ಪೆಟ್ರೋಲ್ ಆದರೆ ಡಬ್ಬದಲ್ಲಿ ಸಿಗುತ್ತಿತ್ತು.

ತೂಕದ ಲೆಕ್ಕವೂ ಇದೆ. ಒಂದು ಕೆಜಿ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಸುಮಾರು 30-40 ವಾಟ್-ಅವರ್ ಶಕ್ತಿ. ಒಂದು ಕೆಜಿ ಪೆಟ್ರೋಲ್‌ನಲ್ಲಿ ಸುಮಾರು 12,000. ಅದರಲ್ಲಿ ಮುಕ್ಕಾಲು ಭಾಗ ಬಿಸಿಯಾಗಿ ಹಾಳಾದರೂ 3,000 ಉಳಿಯುತ್ತದೆ. ಲಾರಿ ಬ್ಯಾಟರಿ ಒಂದನ್ನು ಎತ್ತಿ ನೋಡಿ, ಆ ಕಾಲದ ಕಾರು ಎಷ್ಟು ಸೀಸ ಹೊತ್ತು ಓಡುತ್ತಿತ್ತು ಅಂತ ಸೊಂಟಕ್ಕೇ ಗೊತ್ತಾಗುತ್ತದೆ.

ಜಯನಗರ 4ನೇ ಬ್ಲಾಕ್:
ನಮ್ಮ ಬೆಂಗಳೂರಿನ ಎಲೆಕ್ಟ್ರಿಕ್ ಕಾರು ರೇವಾ ಮರೆಯಬೇಡಿ! 2001ರಲ್ಲೇ ರಸ್ತೆಗೆ ಬಂದಿತ್ತು. ಅದೂ ಲೆಡ್ ಆಸಿಡ್ ಬ್ಯಾಟರಿಯದೇ. ಒಂದು ಚಾರ್ಜ್‌ಗೆ 80 ಕಿ.ಮೀ. ಅಂತಿದ್ದರು. ಲಂಡನ್ನಿನಲ್ಲಿ ಜಿ-ವಿಜ್ ಅಂತ ಮಾರಾಟ ಆಯಿತು. ಇವತ್ತಿನ ಯಾವ ಕಾರು ನೋಡಿದರೂ ನನಗೆ ಅದೇ ಪುಟ್ಟ ಗಾಡಿ ನೆನಪಾಗುತ್ತದೆ.

ಹಾಸನದ ಹುಡುಗ:
ಥ್ಯಾಂಕ್ಸ್ ಸರ್. ಹಾಗಾದ್ರೆ ಈಗ ತಗೊಳ್ಳಬಹುದಾ?

ಬ್ಯಾಟರಿ ಅಂಗಡಿ, ದಾವಣಗೆರೆ:
ಧೈರ್ಯವಾಗಿ ತಗೊಳ್ಳಿ. ಆಗ ಸೋಲಿಸಿದ ಕಾರಣಗಳೇ ಈಗ ಬದಲಾಗಿವೆ. ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಈಗ ಒಂದು ಕೆಜಿ ಸೆಲ್‌ಗೆ 150ರಿಂದ 250 ವಾಟ್-ಅವರ್ ಸಿಗುತ್ತದೆ, ಅದರಲ್ಲಿ ಮೋಟಾರ್ ಹಾಳು ಮಾಡುವುದು ತುಂಬಾ ಕಡಿಮೆ. ಹಳ್ಳಿಗೂ ಕರೆಂಟ್ ಬಂದಿದೆ. ದೂರದ ಲಾರಿ, ವಿಮಾನಗಳಿಗೆ ಮಾತ್ರ ತೂಕದ ತೊಡಕು ಇನ್ನೂ ಇದೆ, ಅಲ್ಲಿ ಪೆಟ್ರೋಲು ಡೀಸೆಲ್ ಇಷ್ಟು ಬೇಗ ಹೋಗಲ್ಲ.

ಶೋರೂಮಿನಲ್ಲಿ ಎರಡು ಕೇಳಿ. ಸೆಲ್ ಎಲ್‌ಎಫ್‌ಪಿಯಾ (ಲಿಥಿಯಂ ಐರನ್ ಫಾಸ್ಫೇಟ್, ಲಿಥಿಯಂ ಅಯಾನ್‌ನಲ್ಲೇ ಒಂದು ಬಗೆ) ಅಂತ. ಅದು ಸ್ವಲ್ಪ ಭಾರ, ಆದರೆ ಬಿಸಿಲು ಜಾಸ್ತಿ ತಡೆಯುತ್ತದೆ, ಬಾಳಿಕೆಯೂ ಹೆಚ್ಚು. ಆಮೇಲೆ ವಾರಂಟಿ ಮುಗಿಯುವ ಹೊತ್ತಿಗೆ ಬ್ಯಾಟರಿ ಶೇಕಡಾ ಎಷ್ಟು ಉಳಿದಿರಬೇಕು ಅಂತ ಬರೆದು ಕೊಡಿಸಿಕೊಳ್ಳಿ. ಮನೆಯಲ್ಲಿ ಅರ್ಥಿಂಗ್ ಸರಿ ಇದೆಯಾ ಅಂತ ಗಾಡಿ ಬರುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಅರ್ಧ ಗಂಟೆ ಆರಲು ಬಿಡಿ.