ಆರು ದಿನ ಆ ಪೈಲಟ್ ಕರೆದದ್ದು ಯಾರಿಗೂ ಕೇಳಿಸಲಿಲ್ಲವೇ?

ಗದಗಿನವ, ವಿಶ್ರಾಂತವಾಡಿ

ಎಲ್ಲರಿಗೂ ನಮಸ್ಕಾರ. ನಾನಿರೋದು ಪುಣೆಯ ವಿಶ್ರಾಂತವಾಡಿಯಲ್ಲಿ. ಬೆಳಿಗ್ಗೆ ಲೋಹಗಾಂವ್ ವಾಯುನೆಲೆಯಿಂದ ಸುಖೋಯ್ ಯುದ್ಧವಿಮಾನ ಎದ್ದರೆ ನಮ್ಮ ಕಿಟಕಿ ಗಾಜು ನಡುಗುತ್ತೆ. ಆಫೀಸಿನ ಕಾಲ್‌ನಲ್ಲಿದ್ದರೆ ಮ್ಯೂಟ್ ಮಾಡಿಕೊಂಡು ಸುಮ್ಮನೆ ಕೂರೋದೇ. ಮೊನ್ನೆ ಏಳನೇ ಕ್ಲಾಸಿನ ಮಗಳು ಗ್ಯಾಲರಿಯಲ್ಲಿ ನಿಂತು ಕೇಳಿದಳು: "ಪಪ್ಪಾ, ಇವರು ಶತ್ರುಗಳ ಊರಲ್ಲಿ ಬಿದ್ದರೆ ಯಾರು ಕರ್ಕೊಂಡು ಬರ್ತಾರೆ?"

ಗೊತ್ತಿರಲಿಲ್ಲ. ಓದುತ್ತಾ ಹೋಗಿ 1995ರ ಬೋಸ್ನಿಯಾ ಕಥೆಗೆ ಬಂದು ನಿಂತೆ. ಜೂನ್ 2ರಂದು ಅಮೆರಿಕದ ಸ್ಕಾಟ್ ಓ'ಗ್ರೇಡಿಯ ಎಫ್-16 ವಿಮಾನಕ್ಕೆ ಅಲ್ಲಿ ಹೋರಾಡುತ್ತಿದ್ದ ಸರ್ಬರ ಕ್ಷಿಪಣಿ ಬಡಿಯಿತು. ಅವನು ಪ್ಯಾರಾಶೂಟ್‌ನಲ್ಲಿ ಹಾರಿಕೊಂಡು ಕಾಡಿಗೆ ಬಿದ್ದ. ಎಲೆ, ಇರುವೆ ತಿಂದು ಮಳೆನೀರು ಕುಡಿದು ಆರು ದಿನ ಅಡಗಿದ್ದ. ಜೂನ್ 8ರ ಬೆಳಿಗ್ಗೆ ಮೆರೀನ್ ಸೈನಿಕರು ಹೆಲಿಕಾಪ್ಟರ್‌ನಲ್ಲಿ ಬಂದು ಎತ್ತಿಕೊಂಡು ಹೋದರು. ಮಗಳಿಗೆ ಹೇಳಿದೆ, ಚಪ್ಪಾಳೆ ಹೊಡೆದಳು. ಆದರೆ ನನಗೇ ಕೆಲವು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿವೆ.

ಅವನ ಹತ್ತಿರ ರೇಡಿಯೋ ಇತ್ತು. ಮೇಲೆ ದಿನವೂ ಅಮೆರಿಕ ಮತ್ತು ಅದರ ಮಿತ್ರದೇಶಗಳ ಕೂಟವಾದ ನ್ಯಾಟೋದ ವಿಮಾನ ಹಾರುತ್ತಿದ್ದವು. ಆರು ದಿನ ಯಾಕೆ ಬೇಕಾಯಿತು? ಕರೆ ಕೇಳಿಸಿದರೂ ಅದು ಅವನೇ, ಸರ್ಬರ ಬಲೆ ಅಲ್ಲ ಅಂತ ಹೇಗೆ ಗೊತ್ತಾಯಿತು? ಕ್ಷಿಪಣಿ ಇದ್ದ ಜಾಗದ ಮೇಲೆ ಅವನನ್ನು ಕಳಿಸಿದ್ದಾದರೂ ಯಾರು? ಸೈನ್ಯದಲ್ಲಿದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಾಗೇವಾಡಿ ಸಾರ್ಜೆಂಟ್, ಧಾನೋರಿ

ತಮ್ಮಾ, ನಿಮ್ಮ ಗಾಜು ನಡುಗಿಸೋ ವಿಮಾನ ನಮ್ಮ ಮನಿ ಮ್ಯಾಲಿಂದನ ಬರ್ತದ. ನಾ ಏರ್‌ಫೋರ್ಸಿನ್ಯಾಗ 20 ವರ್ಷ ಸೇಫ್ಟಿ ಇಕ್ವಿಪ್‌ಮೆಂಟ್ ಸೆಕ್ಷನ್ನಿನ್ಯಾಗ ಇದ್ದೆ. ವಿಮಾನ ಹಾರಿಸಿದಂವ ಅಲ್ಲ, ಪ್ಯಾರಾಶೂಟ್ ಮಡಚಿದಂವ. ಉದ್ದನ ಟೇಬಲ್ ಮ್ಯಾಲ ಹಾಸಿ, ಒಂದೊಂದು ಪದರ ಕೈಲೆ ಸವರಿ, ಹಗ್ಗ ಎಣಿಸಿ, ಕಡೀಕ ಪುಸ್ತಕದಾಗ ಸಹಿ. ಸೀಟಿನ ಕೆಳಗಿನ ಸರ್ವೈವಲ್ ಪ್ಯಾಕೂ ನಮ್ಮದ: ನೀರು, ಕನ್ನಡಿ, ಸೀಟಿ, ಫ್ಲೇರು, ಮತ್ತ ಬಿದ್ದಂವ ಎಲ್ಲಿದ್ದಾನ ಅಂತ ಸಪ್ಪಳ ಕಳಿಸೋ ರೇಡಿಯೋ ಬೀಕನ್. ಅದಕ್ಕ ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ಕೊಡೋ ಹಕ್ಕು ಸ್ವಲ್ಪ ಅದ ಅನ್ಕೋತೀನಿ.

ಹಳೇ ಬೀಕನ್ನು ಕೂಗೋದು 121.5 ಮತ್ತ 243 ಮೆಗಾಹರ್ಟ್ಸ್ ಮ್ಯಾಲ. ಆ ನಂಬರ್ ಜಗತ್ತಿಗೆಲ್ಲ ಗೊತ್ತು. ಕತ್ತಲಿ ಹೊಲದಾಗ ಕಂದೀಲ ಹಚ್ಚಿದಂಗ ನೋಡ್ರಿ, ಹುಡುಕೋ ಅಪ್ಪಗೂ ಕಾಣಸ್ತದ, ಕಳ್ಳಗೂ ಕಾಣಸ್ತದ. ಆ ಹುಡುಗ ಬಿದ್ದಿದ್ದ ಜಾಗದ ಸುತ್ತ ಸರ್ಬ ಸೈನಿಕರು ಬಂದೂಕು ಹಿಡಕೊಂಡು ಅಡ್ಡಾಡತಿದ್ರು, ಕೆಲವರು ಒಂದೆರಡು ಮಾರು ದೂರಕ್ಕ ಬಂದಿದ್ರು. ಅಂವ ಮಾರಿ ಮಣ್ಣಾಗ ಇಟ್ಟು, ಕೈಗವಸಲೆ ಕಿವಿ ಮುಚ್ಚಿ ಮಲಗಿದ್ದ. ಅಂಥಾ ಹೊತ್ತಿನ್ಯಾಗ ರೇಡಿಯೋದಾಗ "ಹಲೋ ಹಲೋ" ಅನ್ನೋಕಾಗ್ತದೇನ್ರಿ?

ಇನ್ನ ಈ ರೇಡಿಯೋ ಮಾತು ನೆಟ್ಟಗ ಹೋಗ್ತದ. ನಡುವ ಗುಡ್ಡ ಬಂತೋ, ಮುಗೀತು. ಕೇಳಸಬೇಕಂದ್ರ ಎತ್ತರಕ್ಕ ಹತ್ತಬೇಕು, ಎತ್ತರಕ್ಕ ಹತ್ತಿದ್ರ ಕಣ್ಣಿಗೆ ಬೀಳ್ತಾನ. ಹಗಲೆಲ್ಲ ಹೆಣದಂಗ ಬಿದ್ದು ರಾತ್ರಿ ಅಷ್ಟಷ್ಟ ಸರೀಬೇಕು. ಮ್ಯಾಲ ಬ್ಯಾಟರಿ. ಇದರ ಬಗ್ಗೆ ನನ್ನ ಬಾಯಿ ಬಿಡಿಸಬ್ಯಾಡ್ರಿ ಅಂದ್ರೂ ಹೇಳ್ತೀನಿ. ಒಂದು ಸ್ಟೇಷನ್ನಿನ್ಯಾಗ, ಯಾವುದು ಅಂತ ಕೇಳಬ್ಯಾಡ್ರಿ, ಒಂದು ಪ್ಯಾಕಿನ ಬೀಕನ್ ಬ್ಯಾಟರಿ ತಾರೀಖು ಮುಗದು ಎರಡು ತಿಂಗಳಾಗಿತ್ತು. ಪೈಲಟ್ ಹೊರಗ ಸಿದ್ಧ ನಿಂತಾನ, ಮ್ಯಾಲಿನವರು "ಇವತ್ತೊಂದು ದಿನ ನಡೀತದ, ಸಹಿ ಹಾಕು" ಅಂತಾರ. ನಾ ಹಾಕಲಿಲ್ಲ. ಬ್ಯಾರೆ ಪ್ಯಾಕ್ ತಂದು ಕೊಟ್ಟೆ, ಹದಿನೈದು ನಿಮಿಷ ತಡಾ ಆತು, ಬೈಸಿಕೊಂಡೆ. ಪೈಲಟ್ ಹೋದಂಗ ಹೋಗಿ ಬಂದಂಗ ಬಂದ, ಚಹಾ ಕುಡದ. ಏನೂ ಆಗಲಿಲ್ಲ.

ಎರಡನೇದು, ಅಂವ ಅಂವನ ಅಂತ ಹೆಂಗ ಗೊತ್ತಾತು. ನಡುವ ಒಮ್ಮೊಮ್ಮೆ ಬೀಕನ್ ಸಪ್ಪಳ ಮ್ಯಾಲಿನವರಿಗೆ ಕೇಳಿಸಿತ್ತು. ಕೂಗತಿರೋದು ರೇಡಿಯೋ, ಅದು ಯಾರ ಕೈಯಾಗ ಅದ ಅನ್ನೋದ ಪ್ರಶ್ನೆ. ಜೂನ್ 8ರ ನಡುರಾತ್ರಿ ಎರಡರ ಸುಮಾರಿಗೆ ಅವನದ ಸ್ಕ್ವಾಡ್ರನ್ನಿನ ಇನ್ನೊಬ್ಬ ಪೈಲಟ್‌ಗೆ ದನಿ ಕೇಳಿಸ್ತು. ಆ ಪೈಲಟ್ ಹೆಸರು ಕೇಳಲಿಲ್ಲ, ನಂಬರ್ ಕೇಳಲಿಲ್ಲ. "ಕೊರಿಯಾದಾಗ ನಿನ್ನ ಸ್ಕ್ವಾಡ್ರನ್ ಯಾವುದಿತ್ತು?" ಅಂತ ಕೇಳಿದ. "ಜುವಾಟ್ಸ್" ಅಂತ ಉತ್ತರ ಬಂತು. ಅಷ್ಟ ಸಾಕಾತು. ಹಾರೋಕ್ಕಿಂತ ಮೊದಲ ಪೈಲಟ್‌ಗಳು ತಮಗಷ್ಟ ಗೊತ್ತಿರೋ ಮಾತು ಬರದು ಕೊಟ್ಟಿರ್ತಾರ, ಇಂಥಾ ದಿನಕ್ಕ ಅಂತ.

ಆಮ್ಯಾಲಿಂದು ಓಟ. ಏಡ್ರಿಯಾಟಿಕ್ ಸಮುದ್ರದಾಗ ನಿಂತಿದ್ದ ಕಿಯರ್‌ಸಾರ್ಜ್ ಹಡಗಿನಿಂದ ಎರಡು ದೊಡ್ಡ ಸಿಎಚ್-53 ಹೆಲಿಕಾಪ್ಟರ್ ಎದ್ದವು, ಜೊತಿಗೆ ಕೋಬ್ರಾ ಹೆಲಿಕಾಪ್ಟರ್, ಹ್ಯಾರಿಯರ್ ಯುದ್ಧವಿಮಾನ. ಬೆಳಗಾಗಿ ಏಳರ ಒಳಗ ಅಂವ ಒಳಗ. ವಾಪಸ್ ಬರೋವಾಗ ಗುಂಡು ಬಿದ್ದವು. ಒಂದು ಗುಂಡು ಹೆಲಿಕಾಪ್ಟರ್ ಮೈ ತೂತು ಮಾಡಿ ಬಂದು ಒಬ್ಬ ಸೈನಿಕನ ನೀರಿನ ಬಾಟಲಿಯಾಗ ಕೂತಿತ್ತು.

ಮೂರನೇ ಪ್ರಶ್ನೆ ಮಾತ್ರ ನನ್ನ ಟೇಬಲ್ಲಿಂದು ಅಲ್ಲ. ಆ ಭಾಗದಾಗ ಕ್ಷಿಪಣಿ ರೇಡಾರ್ ಮಿಣುಕ್ ಮಿಣುಕ್ ಅಂದಿದ್ದು ಗುಪ್ತಚರದವರಿಗೆ ಮೊದಲ ಸಿಕ್ಕಿತ್ತು, ಪೈಲಟ್ ಕಿವಿಗೆ ಹೊತ್ತಿಗೆ ಮುಟ್ಟಲಿಲ್ಲ ಅಂತ ಆಮ್ಯಾಲ ಅಲ್ಲಿನ ಪೇಪರಿನ್ಯಾಗ ಬಂತು. ಕಾಡಿನ್ಯಾಗ ಆರು ದಿನ ಇರುವಿ ತಿಂದಿದ್ದು ಎಲ್ಲಾರಿಗೂ ಬಾಯಿಪಾಠ. ಆ ಸುದ್ದಿ ಯಾವ ಟೇಬಲ್ ಮ್ಯಾಲ ಕೂತಿತ್ತು, ಯಾರು ಕೇಳತಾರ?

ಡೊಂಬಿವಲಿ ಲೆಕ್ಕಿಗ

ನನ್ನದು ಅಕೌಂಟ್ಸ್ ತಲೆ, ಬೇಜಾರಾಗಬೇಡಿ. ಆ ಬೆಳಿಗ್ಗೆ ಅವನೊಬ್ಬನಿಗಾಗಿ ಸುತ್ತಮುತ್ತ ಆಕಾಶದಲ್ಲಿ ಎಲ್ಲಾ ಸೇರಿ ಸುಮಾರು 40 ವಿಮಾನ, ಹೆಲಿಕಾಪ್ಟರ್ ಇದ್ದವಂತೆ. ಒಳಗೆ ನಲವತ್ತು ಮಂದಿ ಮೆರೀನ್‌ಗಳು. ಒಂದು ಸಿಎಚ್-53 ಬಿದ್ದಿದ್ದರೆ? ಒಬ್ಬನನ್ನು ತರಲು ಹೋಗಿ ಇಪ್ಪತ್ತು ಜನ ಹೋದರೆ ಆ ಲೆಕ್ಕ ಯಾವ ಖಾತೆಗೆ? ಗೆದ್ದ ಕಾರಣ ಯಾರೂ ಕೇಳಲಿಲ್ಲ, ಅಷ್ಟೇ.

ಬಾಗೇವಾಡಿ ಸಾರ್ಜೆಂಟ್, ಧಾನೋರಿ

ಲೆಕ್ಕಿಗರ, ಬೇಜಾರೇನಿಲ್ಲ. ನೀವು ಕೇಳಿದ ಲೆಕ್ಕ ಒಂದು ಸಲ ಖರೇನ ಆಗೇದ.

1972ರ ಏಪ್ರಿಲ್ 2, ವಿಯೆಟ್ನಾಂ. ಅಮೆರಿಕದ ಇಬಿ-66 ವಿಮಾನಕ್ಕ ಕ್ಷಿಪಣಿ ಬಡೀತು. ಒಳಗ ಆರು ಜನ, ಜೀವಂತ ಕೆಳಗ ಇಳದಂವ ಒಬ್ಬನ, ಐಸೀಲ್ ಹ್ಯಾಂಬಲ್ಟನ್. ಐವತ್ತು ದಾಟಿದ ಲೆಫ್ಟಿನೆಂಟ್ ಕರ್ನಲ್, ರೇಡಿಯೋದಾಗ ಕರೆಯೋ ಹೆಸರು ಬ್ಯಾಟ್-21. ಬಿದ್ದದ್ದು ಉತ್ತರ ವಿಯೆಟ್ನಾಮಿನ ದೊಡ್ಡ ದಂಡು ದಕ್ಷಿಣಕ್ಕ ನುಗ್ಗತಿದ್ದ ದಾರಿಯ ನಡುವ. ಮೊದಲ ದಿನ ಹೋದ ಒಂದು ಹೆಲಿಕಾಪ್ಟರ್ ಬಿತ್ತು. ನಾಲ್ಕು ದಿನ ಬಿಟ್ಟು ಹೋದ ದೊಡ್ಡ ಹೆಲಿಕಾಪ್ಟರ್ ಬಿದ್ದು ಅದರಾಗಿನ ಆರೂ ಮಂದಿ ಹೋದ್ರು. ಒಟ್ಟ ಅವನನ್ನ ತರಾಕ ಹೋಗಿ ಸತ್ತವರು 11.

ಕಡೀಕ ಹೆಲಿಕಾಪ್ಟರ್ ಬಿಟ್ಟ ಬಿಟ್ರು. ಅಂವಗ ಗಾಲ್ಫ್ ಹುಚ್ಚು. ತಾನು ಆಡಿದ್ದ ಮೈದಾನದ ಇಂಥಾ ಕುಣಿ ಆಡಿದಂಗ ನಡಿ ಅಂತ ರೇಡಿಯೋದಾಗ ಹೇಳತಿದ್ರು. ಆ ಕುಣಿ ಯಾವ ದಿಕ್ಕಿಗೆ, ಎಷ್ಟು ದೂರ ಅನ್ನೋದು ಅಂವಗ ಗೊತ್ತು, ಕೇಳತಿದ್ದ ವೈರಿಗೆ ಗೊತ್ತಿಲ್ಲ. ಹಂಗ ನದಿ ದಂಡಿಗೆ ಬಂದ. ಅಲ್ಲಿಂದ ಟಾಮ್ ನಾರಿಸ್ ಅಂಬೋ ಅಮೆರಿಕ ನೌಕಾಪಡೆಯ ಸೀಲ್ ಕಮಾಂಡೋ ಅಧಿಕಾರಿ ಮತ್ತ ನ್ಗುಯೆನ್ ವಾನ್ ಕಿಯೆಟ್ ಅಂಬೋ ವಿಯೆಟ್ನಾಮಿನ ಹುಡುಗ ಸಣ್ಣ ದೋಣಿಯಾಗ, ಮೀನುಗಾರರ ವೇಷದಾಗ ಹೋಗಿ, ಬಿದಿರಿನ ಎಲಿ ಮುಚ್ಚಿ ಕರಕೊಂಡು ಬಂದ್ರು. ಬಿದ್ದು ಹನ್ನೊಂದು ದಿನದ ಮ್ಯಾಲಾಗಿತ್ತು.

ಆದ್ರ ಲೆಕ್ಕ 11ಕ್ಕ ಮುಗೀಲಿಲ್ಲ. ಅವನ ಸುತ್ತ 27 ಕಿಲೋಮೀಟರ್ ತನಕ ಯಾರೂ ತೋಪು ಹಾರಿಸಬಾರದು, ಬಾಂಬ್ ಹಾಕಬಾರದು ಅಂತ ಆಜ್ಞೆ ಆತು. ಆ ವರ್ತುಲದ ಒಳಗನ ದಕ್ಷಿಣ ವಿಯೆಟ್ನಾಮಿನ ಒಂದು ಡಿವಿಷನ್ ನುಗ್ಗಿ ಬರೋ ಟ್ಯಾಂಕ್ ತಡೀಲಿಕ್ಕೆ ಒದ್ದಾಡತಿತ್ತು. ಅವರಿಗೆ ಬೆಂಬಲದ ಗುಂಡು ಸಿಗಲಿಲ್ಲ. ಅದರಿಂದ ಎಷ್ಟು ಮಂದಿ ಸತ್ರು? ಆ ಸೈನ್ಯಾನೂ ಉಳೀಲಿಲ್ಲ, ಆ ದೇಶಾನೂ ಉಳೀಲಿಲ್ಲ, ಲೆಕ್ಕ ಯಾರು ಇಟ್ಟಾರು? ಹನ್ನೊಂದು ಜನರ ಹೆಸರು ಕಲ್ಲಿನ ಮ್ಯಾಲ ಅವ. ಇವರದು ಯಾವ ಖಾತೆಯಾಗೂ ಇಲ್ಲ. ನನಗ ರಾತ್ರಿ ನಿದ್ದಿ ಕೆಡಸೋದು ಇದು.

ಹಂಗಂತ ಹೋಗಲೇಬಾರದಿತ್ತು ಅಂತ ಅನ್ನೋದಿಲ್ಲ. ಯಾರೂ ಬರೋದಿಲ್ಲ ಅಂತ ಗೊತ್ತಾದ ದಿನ ಪೈಲಟ್ ಆ ಏಣಿ ಹೆಂಗ ಹತ್ತತಾನ?

ನಮ್ಮ ಕಡಿದೂ ಹೇಳಬೇಕು. 1999ರ ಮೇ 27, ಕಾರ್ಗಿಲ್. ನಮ್ಮ ಪೈಲಟ್ ನಚಿಕೇತ ಅವರ ಮಿಗ್-27 ಎಂಜಿನ್ ಬಂದ್ ಬಿತ್ತು, ಹಾರಿಕೊಂಡ್ರು. ಸ್ಕ್ವಾಡ್ರನ್ ಲೀಡರ್ ಅಜಯ್ ಆಹುಜಾ ಮಿಗ್-21ನ್ಯಾಗ ಇದ್ರು. ಮನಿ ದಾರಿ ಹಿಡೀಬಹುದಿತ್ತು. ನಚಿಕೇತ ಎಲ್ಲಿ ಇಳದ್ರು ಅಂತ ಹುಡುಕಲಿಕ್ಕೆ ಅಲ್ಲೇ ಉಳದ್ರು, ಹೆಗಲ ಮ್ಯಾಲಿಂದ ಹಾರಿಸೋ ಕ್ಷಿಪಣಿ ಬಡೀತು. ಅವರೂ ಹಾರಿಕೊಂಡಿದ್ರು. ಮರಳಿ ಬಂದದ್ದು ದೇಹ, ಅದರ ಮ್ಯಾಲ ಗುಂಡಿನ ಗಾಯ. ನೆಲಕ್ಕ ಇಳದ ಮ್ಯಾಲ ಗುಂಡು ಹೊಡದವರು ಯಾರು? ಆ ಪ್ರಶ್ನೆಗೆ ಇವತ್ತಿಗೂ ಯಾರೂ ನ್ಯಾಯಾಲಯದಾಗ ನಿಂತು ಉತ್ತರ ಕೊಟ್ಟಿಲ್ಲ. ನಚಿಕೇತ ಒಂದು ವಾರ ಸೆರಿಯಾಗಿದ್ದು ಬಂದ್ರು. ನಮ್ಮಲ್ಲಿ ವಾಯುಪಡೆಯ ಗರುಡ ಕಮಾಂಡೋ ಪಡೆ ಹುಟ್ಟಿದ್ದು 2004ರಾಗ, ವೈರಿ ನೆಲದಿಂದ ಪೈಲಟ್ ಎತ್ತಿಕೊಂಡು ಬರೋದು ಅವರ ಕೆಲಸದಾಗ ಒಂದು. ಆಹುಜಾ ಅವರ ಹೊತ್ತಿಗೆ ಹುಡುಕಲಿಕ್ಕೆ ಹೋದ ಪಡೆ ಅಂದ್ರ ಅವರೊಬ್ಬರ.

ಕೊಡಗಿನವ, ಥಾಣೆ

ಕಾರ್ಯಪ್ಪನವರ ಮಗನ ವಿಷಯ ಯಾರೂ ಎತ್ತಲೇ ಇಲ್ಲವಲ್ಲ! 1965ರಲ್ಲಿ ನಂದಾ ಕಾರ್ಯಪ್ಪನವರ ಹಂಟರ್ ವಿಮಾನ ಬಿದ್ದು ಸೆರೆಯಾದಾಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡುಗಡೆ ಮಾಡ್ತೀನಿ ಅಂದರೆ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಅಂತ ತಂದೆ ಬೇಡ ಅಂದರು.

ಬಾಗೇವಾಡಿ ಸಾರ್ಜೆಂಟ್, ಧಾನೋರಿ

ಕೈ ಮುಗೀತೀನ್ರಿ ಆ ಮನಿತನಕ್ಕ. ಆದ್ರ ಅದು ಸೆರಿ ಮಾತು, ಇಲ್ಲಿ ನಡದದ್ದು ಎತ್ತಿಕೊಂಡು ಬರೋ ಮಾತು. ಬ್ಯಾರೆ ಚರ್ಚಾ ಶುರು ಮಾಡ್ರಿ, ಅಲ್ಲಿ ಕೂತು ಮಾತಾಡೋಣು.

ವಾಸ್ಕೋ ಟೀಚರ್

ಸಾರ್ಜೆಂಟ್ ಅಣ್ಣಾವ್ರೇ, ನಾನು ಗೋವಾದ ವಾಸ್ಕೋದಲ್ಲಿ ಕನ್ನಡ ಶಾಲೆಯಲ್ಲಿ ಪಾಠ ಮಾಡ್ತೀನಿ. ದಾಬೋಲಿಂ ನೌಕಾನೆಲೆಯ ಹೆಲಿಕಾಪ್ಟರ್ ಹೋಗುವಾಗ ಪಾಠ ನಿಲ್ಲಿಸೋದು ನಮಗೂ ರೂಢಿ. ಒಂದು ಮಾತು ಸೇರಿಸಲಾ?

ಓ'ಗ್ರೇಡಿ ಮನೆಗೆ ಹೋಗಿ ಮೂರು ತಿಂಗಳೂ ಆಗಿರಲಿಲ್ಲ, ಅದೇ ಬೋಸ್ನಿಯಾದಲ್ಲಿ ಆಗಸ್ಟ್ 30ರಂದು ಫ್ರಾನ್ಸಿನ ಮಿರಾಜ್ 2000 ಬಿತ್ತು. ಇಬ್ಬರು ಪೈಲಟ್‌ಗಳು ಇಳಿದರು. ಹುಡುಕಲು ಹೋದ ಹೆಲಿಕಾಪ್ಟರ್‌ಗಳು ಬರಿಗೈಯಲ್ಲಿ ವಾಪಸ್ ಬಂದವು. ಅವರಿಬ್ಬರು ಸರ್ಬರ ಕೈಗೆ ಸಿಕ್ಕಿ, ಬಿಡುಗಡೆ ಆಗಿದ್ದು ಡಿಸೆಂಬರ್ 12ಕ್ಕೆ. ಅವರ ಹೆಸರು ಯಾರ ಬಾಯಲ್ಲಾದರೂ ಇದೆಯಾ?

ಇನ್ನು 1971. ವಿಜಯ್ ತಾಂಬೆ ಅನ್ನೋ ಮರಾಠಿ ಹುಡುಗ, ಸುಖೋಯ್-7 ಪೈಲಟ್, ಡಿಸೆಂಬರ್‌ನಲ್ಲಿ ಪಾಕಿಸ್ತಾನದಲ್ಲಿ ಬಿದ್ದ. ಅಲ್ಲಿನ ಪತ್ರಿಕೆಯೊಂದರಲ್ಲಿ ಸೆರೆ ಸಿಕ್ಕವರ ಪಟ್ಟಿಯಲ್ಲಿ ಅವನದ್ದೇ ಹೋಲುವ ಹೆಸರು ಬಂತು. ಯುದ್ಧ ಮುಗಿದು ಸೈನಿಕರು ಮರಳಿದರು, ಅವನು ಬರಲಿಲ್ಲ. ಹೆಂಡತಿ ದಮಯಂತಿ ತಾಂಬೆ ಬ್ಯಾಡ್ಮಿಂಟನ್ ಚಾಂಪಿಯನ್, ಅರ್ಜುನ ಪ್ರಶಸ್ತಿ ಪಡೆದವರು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ದಶಕಗಟ್ಟಲೆ ದಾರಿ ನೋಡಿದರು. 2007ರಲ್ಲಿ ಅಲ್ಲಿನ ಜೈಲುಗಳಿಗೆ ಹೋಗಿ ರಿಜಿಸ್ಟರ್ ನೋಡಿ ಬಂದ ಕುಟುಂಬದವರಿಗೂ ಏನೂ ಸಿಗಲಿಲ್ಲ. ಮಕ್ಕಳಿಗೆ ಇದನ್ನು ಪಾಠ ಮಾಡುವಾಗ "ಆಮೇಲೆ ಏನಾಯ್ತು ಟೀಚರ್?" ಅಂತಾರೆ. ನಾನು ಪುಟ ತಿರುಗಿಸ್ತೀನಿ.

ಬಾಗೇವಾಡಿ ಸಾರ್ಜೆಂಟ್, ಧಾನೋರಿ

ಟೀಚರ ತಂಗಿ, ನೀವು ಹೇಳಿದ್ದು ಎದಿಗೆ ನಾಟ್ತು. ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಕೂತಿದ್ದೆ.

ಅದ 1971ರಾಗ ಸೆರಿ ಸಿಕ್ಕ ದಿಲೀಪ್ ಪಾರುಳ್ಕರ್ ಇದ್ರಲ್ಲ, ಆಮ್ಯಾಲ ನಮ್ಮ ಪುಣೆದಾಗನ ನೆಲಿಸಿದವರು. ಯಾರೂ ಬರೋದಿಲ್ಲ ಅಂತ ಗೊತ್ತಾಗಿ 1972ರ ಆಗಸ್ಟ್‌ನ್ಯಾಗ ಇಬ್ಬರು ಗೆಳೆಯರನ್ನ ಕರಕೊಂಡು ರಾವಲ್ಪಿಂಡಿ ಕ್ಯಾಂಪಿನ ಗ್ವಾಡಿ ಕೊರದು ತಾವ ಹೊರಗ ಬಂದ್ರು. ಅಫ್ಘಾನ್ ಗಡಿ ಕೈಗೆ ಸಿಗೋವಷ್ಟು ಹತ್ತಿರ ಮುಟ್ಟಿದ್ರು. ನಕಾಶದಾಗ ಲಂಡಿ ಖಾನಾ ಅಂತ ರೈಲ್ವೆ ಸ್ಟೇಷನ್ ಇತ್ತು. ಹೆಂಗ ಹೋಗೋದು ಅಂತ ಕೇಳಿದ್ರು. ಆ ಸ್ಟೇಷನ್ ಬ್ರಿಟಿಷರ ಕಾಲಕ್ಕನ ಬಂದ್ ಆಗಿತ್ತು. ಇಲ್ಲದ ಊರು ಕೇಳೋ ಇವರ್ಯಾರು ಅಂತ ಸಂಶಯ ಬಂದು ಹಿಡದ್ರು. ಹಳೇ ನಕಾಶ! ಬ್ಯಾಟರಿ ತಾರೀಖಿನಂಗ ನಕಾಶದ ತಾರೀಖೂ ನೋಡಬೇಕು ನೋಡ್ರಿ.

ಗದಗಿನವ, ವಿಶ್ರಾಂತವಾಡಿ

ಸಾರ್ಜೆಂಟ್ ಸಾಹೇಬ್ರ, ಎಲ್ಲಾ ಮಗಳಿಗೆ ಓದಿ ಹೇಳಿದೆ. ವಿಯೆಟ್ನಾಮಿನದು ಅರ್ಧ ಮಾತ್ರ, ಉಳಿದದ್ದಕ್ಕೆ ಅವಳಿನ್ನೂ ಚಿಕ್ಕವಳು. ಅವಳಿಗೆ ಹಿಡಿಸಿದ್ದು ಆ ಗುಟ್ಟಿನ ಪ್ರಶ್ನೆ. ತನ್ನದೂ ಒಂದು ಬರೆದು ನಿಮಗೇ ಕಳಿಸು ಅಂದಳು. ಪ್ರಶ್ನೆ: ಗದಗಿನಲ್ಲಿ ಅಜ್ಜಿ ಮನೆ ಎಮ್ಮೆ ಹೆಸರೇನು? ಉತ್ತರ: ಚಂದ್ರಿ.

ಬಾಗೇವಾಡಿ ಸಾರ್ಜೆಂಟ್, ಧಾನೋರಿ

ಪುಟ್ಟವ್ವಾ, ಪ್ರಶ್ನೆ ಭಾಳ ಚಲೋ ಅದ. ಆದ್ರ ಉತ್ತರಾನೂ ನಿಮ್ಮಪ್ಪ ಇಲ್ಲೇ ಎಲ್ಲಾರ ಮುಂದ ಬರದು ಬಿಟ್ಟಾನ. ಇದು ರದ್ದು. ಇನ್ನೊಂದು ವಿಚಾರ ಮಾಡು, ಈ ಸಲ ಅಪ್ಪಗೂ ಹೇಳಬ್ಯಾಡ.